ಗಡ್ಡೆ ಯಾಕೆ ಗಟ್ಟಿ? ಜೀವಕೋಶದ ಸ್ಪರ್ಶ ಮತ್ತು ಕ್ಯಾನ್ಸರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವುದು ನನ್ನ ಕೆಲಸ. ನಮ್ಮದು ಅಡಿಕೆ ತೋಟದ ಮನೆ. ಕೆಲವು ವರ್ಷದ ಹಿಂದೆ ಹತ್ತಿರದ ನೆಂಟರೊಬ್ಬರಿಗೆ ಬಾಯಿ ಬಿಗಿಯುತ್ತಾ ಬಂತು. ಮೊದಮೊದಲು ಸಾರಿನ ಖಾರಕ್ಕೆ ಬಾಯಿ ಉರಿಯುತ್ತಿತ್ತು. ಆಮೇಲೆ ಆಕಳಿಸುವುದಕ್ಕೂ ಕಷ್ಟವಾಯಿತು. ಕೆನ್ನೆಯ ಒಳಗೆ ಬೆರಳಾಡಿಸಿದರೆ ಹುರಿ ಹಗ್ಗದ ಹಾಗೆ ಗಟ್ಟಿ ಎಳೆಗಳು. "ಇದು ಮುಂದೆ ಕ್ಯಾನ್ಸರ್‌ಗೆ ತಿರುಗಬಹುದು, ಬಿಡದೆ ತೋರಿಸ್ತಾ ಇರಿ" ಅಂದರು ಡಾಕ್ಟರು. ಮನೆಗೆ ಬಂದವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಗಟ್ಟಿ ಆದರೆ ಕ್ಯಾನ್ಸರ್ ಯಾಕೆ ಆಗಬೇಕು?"

ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಓದಿದೆ, ಓದುತ್ತಾ ಹೋದಂತೆ ಬೆರಗಾದೆ. ಅದಾದ ಮೇಲೆ ಇದರ ಬಗ್ಗೆ ಎಲ್ಲಿ ಮಾತಾಡಿದರೂ ವಿದ್ಯಾರ್ಥಿಗಳು, ಅವರ ಅಪ್ಪ ಅಮ್ಮಂದಿರು ಸುತ್ತಿ ಬಳಸಿ ಇದೇ ಪ್ರಶ್ನೆಗಳನ್ನು ಕೇಳುತ್ತಾರೆ. ಅವನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಕ್ಯಾನ್ಸರ್ ಗಡ್ಡೆ ಮುಟ್ಟಿದಾಗ ಗಟ್ಟಿಯಾಗಿ ಸಿಗುವುದು ಯಾಕೆ?

ನಮ್ಮ ದೇಹ ಬರೀ ಜೀವಕೋಶಗಳ ರಾಶಿಯಲ್ಲ. ಕೋಶಗಳ ನಡುವೆ, ಸುತ್ತಮುತ್ತ ನಾರಿನ ಬಲೆಯೊಂದು ಹರಡಿಕೊಂಡಿದೆ. ಅದರಲ್ಲಿ ಮುಖ್ಯವಾದದ್ದು ಕೊಲಾಜೆನ್ ಎಂಬ ಪ್ರೋಟೀನು. ಗಡ್ಡೆ ಬೆಳೆಯುವಾಗ ಅಕ್ಕಪಕ್ಕದ ಫೈಬ್ರೋಬ್ಲಾಸ್ಟ್ ಕೋಶಗಳು ಈ ನಾರನ್ನು ಅಳತೆ ಮೀರಿ ನೇಯುತ್ತವೆ. ಎಷ್ಟು ನಾರಿದೆ ಅನ್ನುವುದಕ್ಕಿಂತ ಅದನ್ನು ಹೇಗೆ ಬಿಗಿದಿದೆ ಅನ್ನುವುದು ಇನ್ನೂ ಮುಖ್ಯ. ತೆಂಗಿನ ನಾರು ಬಿಡಿಬಿಡಿಯಾಗಿದ್ದರೆ ಮೆತ್ತಗಿರುತ್ತದೆ. ಅದನ್ನೇ ಹೊಸೆದು ಅಲ್ಲಲ್ಲಿ ಗಂಟು ಹಾಕಿದರೆ ಎಮ್ಮೆ ಕಟ್ಟುವ ಹಗ್ಗ. ದೇಹದಲ್ಲಿ ಈ ಗಂಟು ಹಾಕುವ ಕೆಲಸ ಮಾಡುವುದು ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವ. ಲಾಕ್ಸ್ ಅಂತ ಚಿಕ್ಕದಾಗಿ ಕರೆಯುತ್ತಾರೆ. ಈ ಹೆಸರು ನೆನಪಿರಲಿ, ಅಡಿಕೆಯ ವಿಷಯ ಬಂದಾಗ ಮತ್ತೆ ಬೇಕಾಗುತ್ತದೆ.

ಒಂದು ಎಚ್ಚರಿಕೆ. ಗಟ್ಟಿ ಇರುವ ಗಂಟೆಲ್ಲ ಕ್ಯಾನ್ಸರ್ ಅಲ್ಲ. ಮೆತ್ತಗಿದೆ ಅಂತ ಸುಮ್ನೆ ಇರುವ ಹಾಗೂ ಇಲ್ಲ. ಬೆರಳು ಅನುಮಾನ ಹುಟ್ಟಿಸಬಹುದು. ಹೌದೋ ಅಲ್ಲವೋ ಅಂತ ಹೇಳಬೇಕಾದ್ದು ಪರೀಕ್ಷೆ.

ಕೋಶಕ್ಕೆ ಕೈಯಿಲ್ಲ, ಕಣ್ಣಿಲ್ಲ. ಸುತ್ತ ಗಟ್ಟಿ ಇದೆಯೋ ಮೆತ್ತಗಿದೆಯೋ ಅಂತ ಅದಕ್ಕೆ ಗೊತ್ತಾಗುವುದು ಹೇಗೆ?

ಎಳೆದು ನೋಡಿ ತಿಳಿದುಕೊಳ್ಳುತ್ತದೆ.

ದನ ಕಟ್ಟಿದ ಗೂಟವನ್ನು ಯೋಚಿಸಿ. ಗೂಟ ಗಟ್ಟಿ ನೆಲದಲ್ಲಿದ್ದರೆ ದನ ಎಳೆದಾಗ ಹಗ್ಗ ಬಿಗಿಯುತ್ತದೆ, ಕುತ್ತಿಗೆಗೆ ಎಳೆತ ಗೊತ್ತಾಗುತ್ತದೆ. ಅದೇ ಗೂಟ ಕೆಸರಿನಲ್ಲಿದ್ದರೆ? ಎಳೆದಂತೆಲ್ಲ ಗೂಟವೇ ವಾಲುತ್ತದೆ, ಹಗ್ಗಕ್ಕೆ ಬಿಗಿ ಬರುವುದೇ ಇಲ್ಲ. ಕೋಶವೂ ಹೀಗೇ ತನ್ನ ಸುತ್ತಲಿನ ನಾರನ್ನು ಹಿಡಿದು ಎಳೆಯುತ್ತಲೇ ಇರುತ್ತದೆ. ಹಿಡಿಯುವ ಕೊಕ್ಕೆ ಇಂಟೆಗ್ರಿನ್. ಅದು ಕೋಶದ ಹೊರಪೊರೆಯನ್ನು ತೂರಿ ನಿಂತಿರುವ ಪ್ರೋಟೀನು. ಹಗ್ಗದ ಕೆಲಸ ಆಕ್ಟಿನ್ ಎಂಬ ಎಳೆಗಳದ್ದು. ಎಳೆಯುವ ಶಕ್ತಿ ಮಯೋಸಿನ್‌ನಿಂದ ಬರುತ್ತದೆ, ನಮ್ಮ ತೋಳಿನ ಸ್ನಾಯುವಿನಲ್ಲಿರುವ ಅದೇ ಕುಟುಂಬದ ಪ್ರೋಟೀನು. ಬಿಗಿ ಬಂದರೆ ಕೊಕ್ಕೆಯ ಹತ್ತಿರ ಇನ್ನಷ್ಟು ಪ್ರೋಟೀನುಗಳು ಬಂದು ಸೇರಿ ಹಿಡಿತ ದೊಡ್ಡದಾಗುತ್ತದೆ. ಬಿಗಿ ಬರದಿದ್ದರೆ ಹಿಡಿತ ಬಿಟ್ಟುಹೋಗುತ್ತದೆ.

ಕೋಶ ಎಳೆಯುತ್ತದೆ ಅನ್ನುವುದನ್ನು ಕಣ್ಣಿಗೆ ಕಾಣುವಂತೆ ತೋರಿಸಿದವರು ಅಮೆರಿಕದ ಆಲ್ಬರ್ಟ್ ಹ್ಯಾರಿಸ್. 1980ರಲ್ಲಿ ಅವರು ತೀರಾ ತೆಳುವಾದ ಸಿಲಿಕೋನ್ ರಬ್ಬರ್ ಹಾಳೆಯ ಮೇಲೆ ಕೋಶಗಳನ್ನು ಬಿಟ್ಟರು. ಅವು ನಡೆದಾಡಿದ ಕಡೆಯೆಲ್ಲ ಹಾಳೆ ಸುಕ್ಕುಗಟ್ಟಿತು. ಹಾಸಿಗೆಯ ಮೇಲೆ ಮಗು ಅಂಬೆಗಾಲಿಟ್ಟಾಗ ಹೊದಿಕೆ ಮುದುಡುತ್ತದಲ್ಲ, ಹಾಗೆ.

ಗೊತ್ತಾದರೆ ಏನಾಯಿತು? ಅದರಿಂದ ಕೋಶದ ಬದುಕು ಬದಲಾಗುತ್ತದಾ?

ಬದಲಾಗುತ್ತದೆ, ನಾವು ಊಹಿಸಿದ್ದಕ್ಕಿಂತ ತುಂಬಾ ಜಾಸ್ತಿ. 2006ರಲ್ಲಿ ಫಿಲಡೆಲ್ಫಿಯಾದ ಡೆನಿಸ್ ಡಿಶರ್ ಅವರ ತಂಡ ಮೂಳೆ ಮಜ್ಜೆಯ ಆಕರ ಕೋಶಗಳನ್ನು (ಸ್ಟೆಮ್ ಸೆಲ್, ಅಂದರೆ ಬೇರೆ ಬೇರೆ ಬಗೆಯ ಕೋಶವಾಗಬಲ್ಲವು) ಬೇರೆ ಬೇರೆ ಗಡಸಿನ ಜೆಲ್ ಮೇಲೆ ಬೆಳೆಸಿತು. ಮೆದುಳಿನಷ್ಟು ಮೆತ್ತನೆಯ ಜೆಲ್ ಮೇಲಿದ್ದವು ನರಕೋಶದ ರೂಪ ತಾಳಿದವು. ಸ್ನಾಯುವಿನಷ್ಟು ಗಡಸಾದದ್ದರ ಮೇಲೆ ಸ್ನಾಯುಕೋಶದ ಗುಣ ಬಂತು. ಇನ್ನೂ ಗಡಸಾದದ್ದರ ಮೇಲೆ ಮೂಳೆಕೋಶದ ಗುಣ. ಹಾಕಿದ ಆಹಾರ ಒಂದೇ, ಕೋಶಗಳೂ ಒಂದೇ. ಬದಲಾದದ್ದು ಕಾಲಡಿಯ ನೆಲ ಮಾತ್ರ. ಆ ಲೇಖನದ ನಾಲ್ವರು ಲೇಖಕರಲ್ಲಿ ಒಬ್ಬರಾದ ಶಾಮಿಕ್ ಸೇನ್ ಮುಂದೆ ಐಐಟಿ ಬಾಂಬೆಗೆ ಬಂದು ಇದೇ ವಿಷಯದಲ್ಲಿ ಕೆಲಸ ಮಾಡುತ್ತಿದ್ದಾರೆ.

ಸರಿ, ಕ್ಯಾನ್ಸರ್‌ಗೆ ಬನ್ನಿ. ಗಡಸುತನ ಕ್ಯಾನ್ಸರಿನ ಗುರುತು ಮಾತ್ರವೋ, ಕಾರಣವೂ ಹೌದೋ?

ಇದೇ ನಿಜವಾದ ಪ್ರಶ್ನೆ. ಬಹಳ ಕಾಲ ವೈದ್ಯರು ಗುರುತು ಅಂತಲೇ ನಂಬಿದ್ದರು. ಗಡ್ಡೆ ಬೆಳೆಯಿತು, ಹಾಗಾಗಿ ಗಟ್ಟಿಯಾಯಿತು, ಅಷ್ಟೆ. ಈಗ ಗೊತ್ತಾಗಿರುವುದು ಏನೆಂದರೆ, ಗಟ್ಟಿಯಾದದ್ದೇ ಗಡ್ಡೆಯನ್ನು ಮತ್ತಷ್ಟು ಕೆಡಿಸಬಲ್ಲದು.

2005ರಲ್ಲಿ ಅಮೆರಿಕದ ವಿಜ್ಞಾನಿ ವ್ಯಾಲರಿ ವೀವರ್ ಅವರ ತಂಡ ಇಲಿಯ ಸ್ತನದ ಅಂಗಾಂಶವನ್ನು ಅಳೆಯಿತು. ಆರೋಗ್ಯವಂತ ಅಂಗಾಂಶದ ಗಡಸು ಸುಮಾರು 170 ಪಾಸ್ಕಲ್ (ಗಡಸು ಅಳೆಯುವ ಮಾನ ಅದು). ಗಡ್ಡೆಯದ್ದು ಸುಮಾರು 4,000. ಇಪ್ಪತ್ತು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. ಆಮೇಲೆ ಅವರು ಸ್ತನದ ಸಾಮಾನ್ಯ ಕೋಶಗಳನ್ನು ಎರಡೂ ಬಗೆಯ ಜೆಲ್‌ನಲ್ಲಿ ಬೆಳೆಸಿದರು. ಮೆತ್ತನೆಯ ಜೆಲ್‌ನಲ್ಲಿ ಕೋಶಗಳು ಒಳಗೆ ಟೊಳ್ಳು ಬಿಟ್ಟುಕೊಂಡು ಪುಟ್ಟ ಗುಂಡುಗಳಾಗಿ ಶಿಸ್ತಾಗಿ ಕೂತವು. ನಿಜವಾದ ಹಾಲಿನ ಗ್ರಂಥಿಯಲ್ಲಿ ಕೂರುವುದೂ ಹಾಗೇ. ಗಡಸು ಜೆಲ್‌ನಲ್ಲಿ ಆ ಶಿಸ್ತು ಕೆಟ್ಟಿತು. ಟೊಳ್ಳು ತುಂಬಿಹೋಯಿತು, ಕೋಶಗಳು ಅಂಕೆ ತಪ್ಪಿ ಹೆಚ್ಚಿದವು.

2009ರಲ್ಲಿ ಅದೇ ತಂಡ ಜೀವಂತ ಇಲಿಗಳಲ್ಲಿ ಲಾಕ್ಸ್ ಕಿಣ್ವವನ್ನು ತಡೆದು ನೋಡಿತು. ನಾರಿನ ಗಂಟುಗಳು ಕಡಿಮೆಯಾದವು, ಅಂಗಾಂಶ ಅಷ್ಟು ಗಡಸಾಗಲಿಲ್ಲ, ಕ್ಯಾನ್ಸರ್ ಬರುವುದು ತಡವಾಯಿತು. ನನ್ನ ಮಟ್ಟಿಗೆ ಈ ಇಡೀ ಕ್ಷೇತ್ರದ ನಡುಗಂಬ ಇದೇ ಪ್ರಯೋಗ. ಗಡಸುತನವನ್ನು ತಗ್ಗಿಸಿದಾಗ ರೋಗದ ದಾರಿಯೇ ಬದಲಾದರೆ, ಗಡಸುತನವನ್ನು ಬರೀ ಗುರುತು ಅನ್ನುವುದು ಹೇಗೆ?

ಇಲ್ಲೊಂದು ಸುಳಿ ಇದೆ. ಸುತ್ತಲಿನ ನಾರು ಗಟ್ಟಿಯಾದರೆ ಕೋಶ ಇನ್ನೂ ಜೋರಾಗಿ ಎಳೆಯುತ್ತದೆ. ಜೋರಾಗಿ ಎಳೆದರೆ ನಾರು ಸಾಲಾಗಿ ನಿಂತು ಇನ್ನೂ ಬಿಗಿಯಾಗುತ್ತದೆ. ಅದನ್ನು ನೋಡಿ ಕೋಶ ಮತ್ತೂ ಎಳೆಯುತ್ತದೆ. ಯಾರೂ ಹೊರಗಿನಿಂದ ತಿರುಗಿಸದೆಯೇ ಸುಳಿ ಸುತ್ತುತ್ತಾ ಹೋಗುತ್ತದೆ.

ಆದರೆ ಕ್ಯಾನ್ಸರ್ ಅಂದರೆ ಡಿಎನ್‌ಎ ಕೆಡುವುದು ಅಂತ ಓದಿದ್ದೇವಲ್ಲ?

ಅದು ಸುಳ್ಳಲ್ಲ. ಡಿಎನ್‌ಎ ತಪ್ಪುಗಳಿಲ್ಲದೆ ಸಾಮಾನ್ಯವಾಗಿ ಕ್ಯಾನ್ಸರ್ ಇಲ್ಲ. ಆದರೆ ತಪ್ಪು ಇದ್ದ ಮಾತ್ರಕ್ಕೆ ಕ್ಯಾನ್ಸರ್ ಆಗಲೇಬೇಕು ಅಂತಿಲ್ಲ. ಇದನ್ನು ತೋರಿಸಿದ ಪ್ರಯೋಗವನ್ನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇನೆ, ಪ್ರತಿ ವರ್ಷ ನನಗೇ ರೋಮಾಂಚನ ಆಗುತ್ತದೆ.

ಇರಾನಿನ ಟೆಹ್ರಾನ್‌ನಲ್ಲಿ ಹುಟ್ಟಿ ಅಮೆರಿಕದ ಬರ್ಕ್‌ಲಿಯಲ್ಲಿ ಕೆಲಸ ಮಾಡಿದ ಮೀನಾ ಬಿಸೆಲ್ ಅವರ ಪ್ರಯೋಗಾಲಯ ಅದು. ವೀವರ್ ಆಗ ಅಲ್ಲಿದ್ದರು. 1997ರಲ್ಲಿ ಅವರು ಸ್ತನ ಕ್ಯಾನ್ಸರ್ ಕೋಶಗಳನ್ನು ಜೆಲ್‌ನಲ್ಲಿ ಬೆಳೆಸಿ, ಒಂದು ಬಗೆಯ ಇಂಟೆಗ್ರಿನ್ ಕೊಕ್ಕೆಯನ್ನು ಆ್ಯಂಟಿಬಾಡಿಯಿಂದ ತಡೆದರು. ಕೋಶಗಳ ಡಿಎನ್‌ಎ ಮೊದಲಿನಂತೆಯೇ ಕೆಟ್ಟಿತ್ತು. ಆದರೂ ಅವು ಅಡ್ಡಾದಿಡ್ಡಿ ಬೆಳೆಯುವುದನ್ನು ನಿಲ್ಲಿಸಿ, ಆರೋಗ್ಯವಂತ ಕೋಶಗಳ ಹಾಗೆ ದುಂಡಗೆ, ಸಾಲಾಗಿ ಕೂತವು. ಬೀಜ ಬದಲಾಗಲಿಲ್ಲ, ಬೀಜಕ್ಕೆ ಮಣ್ಣು ಹೇಳುತ್ತಿದ್ದ ಮಾತು ಬದಲಾಯಿತು.

ಹೊರಗಿನ ಎಳೆತದ ಸುದ್ದಿ ಒಳಗಿನ ಡಿಎನ್‌ಎವರೆಗೆ ಮುಟ್ಟುವುದು ಹೇಗೆ?

ದಾರಿಗಳು ಹಲವು. ಹೆಚ್ಚು ಹೆಸರಾದದ್ದು ಯಾಪ್ ಮತ್ತು ಟ್ಯಾಜ್ ಎಂಬ ಜೋಡಿ ಪ್ರೋಟೀನುಗಳ ದಾರಿ. ಇವು ಓಲೆಕಾರರು. ಕೋಶ ಮೆತ್ತನೆಯ ನೆಲದ ಮೇಲಿದ್ದರೆ ಇವು ಡಿಎನ್‌ಎ ಇರುವ ಕೋಶಕೇಂದ್ರದ ಹೊರಗೇ ಸುಮ್ಮನಿರುತ್ತವೆ. ನೆಲ ಗಡಸಾಗಿ ಆಕ್ಟಿನ್ ಹಗ್ಗಗಳು ಬಿಗಿದರೆ ಕೋಶಕೇಂದ್ರದ ಒಳಗೆ ನುಗ್ಗುತ್ತವೆ. ಅಲ್ಲಿ ಟೀಡ್ ಎಂಬ ಜೊತೆಗಾರರ ಕೈಹಿಡಿದು 'ಬೆಳೆ, ಒಡೆದು ಎರಡಾಗು' ಅನ್ನುವ ಜೀನುಗಳನ್ನು ಎಬ್ಬಿಸುತ್ತವೆ. 2011ರಲ್ಲಿ ಇಟಲಿಯ ಪಡುವಾ ವಿಶ್ವವಿದ್ಯಾಲಯದ ಸ್ಟೆಫಾನೊ ಪಿಕೊಲೊ ಅವರ ತಂಡ ಇದನ್ನು ತೋರಿಸಿತು.

ಈ ಜೋಡಿಯ ಮೇಲೆ ಕಣ್ಣಿಡುವ ಒಂದು ವ್ಯವಸ್ಥೆಗೆ ಹಿಪ್ಪೋ ಅಂತ ಹೆಸರು. ಆ ಜೀನು ಕೆಟ್ಟ ಹಣ್ಣುನೊಣದ ಚರ್ಮ ನೀರಾನೆಯಂತೆ ಮಡಿಕೆ ಮಡಿಕೆಯಾಗಿ ಬೆಳೆದದ್ದರಿಂದ ಬಂದ ಹೆಸರು ಅದು. ಇಲಿಯ ಪಿತ್ತಜನಕಾಂಗ, ಅಂದರೆ ಲಿವರ್‌ನಲ್ಲಿ ಯಾಪ್ ಹೆಚ್ಚು ಮಾಡಿದ ಪ್ರಯೋಗಗಳು 2007ರಲ್ಲಿ ಬಂದವು. ಲಿವರ್ ಹಲವು ಪಟ್ಟು ಊದಿಕೊಂಡಿತು. ಅಳತೆ ನೋಡಿ ಬೆಳವಣಿಗೆ ನಿಲ್ಲಿಸುವ ಬುದ್ಧಿಯೇ ಅಂಗಕ್ಕೆ ತಪ್ಪಿಹೋದ ಹಾಗೆ.

ನೊಬೆಲ್ ಬಂದ ಪೀಜೋ ಅಂದರೆ ಇದೇನಾ?

ಅದು ಇನ್ನೊಂದು ದಾರಿ. ಪೀಜೋ ಎಂಬುದು ಕೋಶದ ಹೊರಪೊರೆಯಲ್ಲಿರುವ ಬಾಗಿಲು. ಪೊರೆ ಎಳೆದಾಗ ತೆರೆಯುತ್ತದೆ, ಕ್ಯಾಲ್ಸಿಯಂ ಒಳಗೆ ಬರುತ್ತದೆ. 2010ರಲ್ಲಿ ಆರ್ಡೆಮ್ ಪಟಪೂಟಿಯನ್ ಅವರ ತಂಡ ಕಂಡುಹಿಡಿಯಿತು. 2021ರಲ್ಲಿ ಅವರಿಗೂ ಡೇವಿಡ್ ಜೂಲಿಯಸ್ ಅವರಿಗೂ ನೊಬೆಲ್ ಬಂತು. ಪೀಜೋದಲ್ಲಿ ಎರಡು ಬಗೆ. ನಮಗೆ ಮುಟ್ಟಿದ್ದು ಗೊತ್ತಾಗುವುದು ಮುಖ್ಯವಾಗಿ ಪೀಜೋ 2ರಿಂದ. ಹಲವು ಕ್ಯಾನ್ಸರ್ ಕೋಶಗಳು ಪೀಜೋ 1 ಬಾಗಿಲನ್ನು ತಮ್ಮ ಬೆಳವಣಿಗೆಗೆ, ಓಡಾಟಕ್ಕೆ ಬಳಸಿಕೊಳ್ಳುತ್ತವೆ.

ಒತ್ತಡ ಅಂದರೆ ಟೆನ್ಶನ್ ಅಲ್ವಾ? ಟೆನ್ಶನ್ ಮಾಡಿಕೊಂಡರೆ ಕ್ಯಾನ್ಸರ್ ಬರುತ್ತದಾ?

ಅಲ್ಲ. ಕನ್ನಡದಲ್ಲಿ ಎರಡಕ್ಕೂ ಒತ್ತಡ ಅನ್ನುವುದರಿಂದ ಈ ಗೊಂದಲ ಆಗುತ್ತದೆ. ಇಲ್ಲಿ ಹೇಳುತ್ತಿರುವುದು ಸೈಕಲ್ ಟ್ಯೂಬಿನೊಳಗೆ ಗಾಳಿ ಒತ್ತುವಂಥ ಒತ್ತಡ. ಮನಸ್ಸಿನ ಬೇಗುದಿಯಲ್ಲ. ಕಾಯಿಲೆಯವರಿಗೆ "ನೀನು ಟೆನ್ಶನ್ ಮಾಡ್ಕೊಂಡಿದ್ದಕ್ಕೇ ಹೀಗಾಯ್ತು" ಅಂತ ದಯವಿಟ್ಟು ಹೇಳಬೇಡಿ. ನೊಂದವರನ್ನು ಇನ್ನಷ್ಟು ನೋಯಿಸುವ ಮಾತು ಅದು.

ಅಡಿಕೆಗೂ ಇದಕ್ಕೂ ಏನು ಸಂಬಂಧ?

ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ನಮ್ಮ ಮನೆಯ ಮಕ್ಕಳ ಓದು, ಮದುವೆ, ಮನೆಯ ಮಾಡು ಎಲ್ಲ ಅಡಿಕೆಯ ದುಡ್ಡಿನಿಂದಲೇ ಆದದ್ದು. ಇದನ್ನು ಬರೆಯುವುದು ನನಗೆ ಸುಲಭವಲ್ಲ. ಆದರೂ ಬರೆಯಬೇಕು.

ಅಡಿಕೆ ಜಗಿಯುವವರಲ್ಲಿ ಕಾಣುವ ಬಾಯಿ ಬಿಗಿತಕ್ಕೆ ಡಾಕ್ಟರುಗಳು ಸಬ್‌ಮ್ಯೂಕಸ್ ಫೈಬ್ರೋಸಿಸ್ ಅನ್ನುತ್ತಾರೆ. 1952ರಲ್ಲಿ ಶ್ವಾರ್ಟ್ಸ್ ಎಂಬ ವೈದ್ಯರು ಇದನ್ನು ಮೊದಲು ವರದಿ ಮಾಡಿದ್ದು ಕೀನ್ಯಾದಲ್ಲಿದ್ದ ಐವರು ಭಾರತೀಯ ಹೆಂಗಸರಲ್ಲಿ. ಊರು ಬಿಟ್ಟು ಸಮುದ್ರ ದಾಟಿದರೂ ಅಡಿಕೆಯ ಅಭ್ಯಾಸ ಜೊತೆಗೇ ಹೋಗಿತ್ತು.

ಆಗುವುದು ಹೀಗೆ. ಅಡಿಕೆಯಲ್ಲಿ ಅರೆಕೋಲಿನ್ ಎಂಬ ಸಾರ ಇದೆ. ಅದು ಕೆನ್ನೆಯೊಳಗಿನ ಫೈಬ್ರೋಬ್ಲಾಸ್ಟ್ ಕೋಶಗಳನ್ನು ಕೆರಳಿಸಿ ಕೊಲಾಜೆನ್ ಜಾಸ್ತಿ ಮಾಡಿಸುತ್ತದೆ. ಅಡಿಕೆಯಲ್ಲಿ ತಾಮ್ರದ ಅಂಶವೂ ಜಾಸ್ತಿ. ಲಾಕ್ಸ್ ಕಿಣ್ವ ಕೆಲಸ ಮಾಡಬೇಕಾದರೆ ತಾಮ್ರ ಬೇಕು. ನೋಡಿ, ನಾರನ್ನು ಗಂಟು ಹಾಕುವ ಅದೇ ಕಿಣ್ವ ಇಲ್ಲಿಗೆ ಬಂತು. ನಾರು ಹೆಚ್ಚುತ್ತದೆ, ಗಂಟುಗಳು ಹೆಚ್ಚುತ್ತವೆ, ಹಾಕಿದ ಗಂಟನ್ನು ಬಿಚ್ಚಿ ಕರಗಿಸುವುದು ದೇಹಕ್ಕೆ ಕಷ್ಟವಾಗುತ್ತದೆ. ಬೆಣ್ಣೆಯಂತಿದ್ದ ಕೆನ್ನೆಯ ಒಳಭಾಗ ಬಿಳಿಚಿಕೊಂಡು ತೊಗಲಿನಂತಾಗುತ್ತದೆ. ಒಮ್ಮೆ ಹೀಗಾದರೆ ಅಡಿಕೆ ಬಿಟ್ಟ ಮೇಲೂ ಬಿಗಿತ ಪೂರ್ತಿ ಬಿಡುವುದು ಅಪರೂಪ.

ಇದು ಕ್ಯಾನ್ಸರ್ ಅಲ್ಲ, ಆದರೆ ಕ್ಯಾನ್ಸರಿಗೆ ತಿರುಗಬಲ್ಲ ಸ್ಥಿತಿ. ಕೇರಳದ ಎರ್ನಾಕುಲಂನಲ್ಲಿ ಇಂಥ ರೋಗಿಗಳನ್ನು 17 ವರ್ಷ ಗಮನಿಸಿ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇಕಡಾ 7.6 ಮಂದಿಗೆ ಬಾಯಿ ಕ್ಯಾನ್ಸರ್ ಬಂದಿತ್ತು. ತಂಬಾಕು ಸೇರಿಸದ ಬರೀ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. "ನಾನು ಹೊಗೆಸೊಪ್ಪು ಹಾಕೋದಿಲ್ಲ, ಬರೀ ಅಡಿಕೆ" ಅನ್ನುವವರಿಗೆ ಇದು ಗೊತ್ತಿರಬೇಕು.

ಎಲ್ಲವನ್ನೂ ಗಡಸುತನದ ತಲೆಗೆ ಕಟ್ಟುವುದು ತಪ್ಪಾಗುತ್ತದೆ. ಅಡಿಕೆ ಜಗಿಯುವಾಗ ಬಾಯಿಯಲ್ಲಿ ನೈಟ್ರೋಸಮೈನ್ ಎಂಬ ವಿಷಗಳು ಹುಟ್ಟುತ್ತವೆ. ಅವು ನೇರವಾಗಿ ಡಿಎನ್‌ಎಗೇ ಪೆಟ್ಟು ಕೊಡುತ್ತವೆ. ಬೀಜ ಕೆಡಿಸುವುದೂ ಮಣ್ಣು ಗಟ್ಟಿ ಮಾಡುವುದೂ ಒಂದೇ ಅಡಿಕೆಯಿಂದ ಆಗುತ್ತಿದೆ. ನಮ್ಮ ನೆಂಟರ ಪ್ರಶ್ನೆಗೆ ನಾನು ಕೊನೆಗೆ ಕೊಟ್ಟ ಉತ್ತರ ಇದೇ.

ಗಡ್ಡೆಯ ಒಳಗೂ ಒತ್ತಡ ಇರುತ್ತದಂತೆ, ಹೌದಾ?

ಹೌದು. ಇಕ್ಕಟ್ಟಾದ ಜಾಗದಲ್ಲಿ ಕೋಶಗಳು ಹೆಚ್ಚುತ್ತಲೇ ಹೋದರೆ ಒಂದನ್ನೊಂದು ಒತ್ತುತ್ತವೆ. ಕತ್ತರಿಸಿ ತೆಗೆದ ಗಡ್ಡೆಯನ್ನು ಚಾಕುವಿನಿಂದ ಸೀಳಿದರೆ ಸೀಳು ತಾನೇ ಬಾಯಿ ಬಿಡುತ್ತದೆ. ಒಳಗೆ ಹಿಡಿದಿಟ್ಟ ಒತ್ತಡ ಬಿಡುಗಡೆಯಾದದ್ದರ ಗುರುತು ಅದು.

ಇದನ್ನು ದಶಕಗಳ ಕಾಲ ಬೆನ್ನುಹತ್ತಿದವರು ರಾಕೇಶ್ ಜೈನ್. ಐಐಟಿ ಕಾನ್ಪುರದಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಓದಿ, ಬಾಸ್ಟನ್ನಿನಲ್ಲಿ ಕ್ಯಾನ್ಸರ್ ಸಂಶೋಧನೆ ಮಾಡುತ್ತಿರುವವರು. ಅವರ ತಂಡ ತೋರಿಸಿದ್ದು ಇದು: ಒತ್ತಡಕ್ಕೆ ಗಡ್ಡೆಯೊಳಗಿನ ರಕ್ತನಾಳಗಳು ಚಪ್ಪಟೆಯಾಗುತ್ತವೆ. ಮಗು ನಳಿಕೆ ತುಳಿದು ನಿಂತರೆ ತೋಟಕ್ಕೆ ನೀರು ಬರುವುದು ನಿಲ್ಲುತ್ತದಲ್ಲ, ಹಾಗೇ ರಕ್ತ ನಿಲ್ಲುತ್ತದೆ. ರಕ್ತ ಹೋಗದಿದ್ದರೆ ಕಿಮೊಥೆರಪಿ ಔಷಧವೂ ಹೋಗುವುದಿಲ್ಲ. ಆಕ್ಸಿಜನ್ ಇಲ್ಲದ ಕಡೆ ರೇಡಿಯೇಷನ್ನಿನ ಬಲವೂ ಕುಗ್ಗುತ್ತದೆ. ಔಷಧ ಒಳ್ಳೆಯದೇ ಇರುತ್ತದೆ, ಮುಟ್ಟಬೇಕಾದ ಕಡೆ ಮುಟ್ಟುವುದಿಲ್ಲ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಅಷ್ಟು ಮೊಂಡು ಆಗಿರುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಒತ್ತಡ ಯಾವಾಗಲೂ ಕ್ಯಾನ್ಸರನ್ನು ಬೆಳೆಸುತ್ತದೆ ಅನ್ನಬಹುದಾ?

ಅನ್ನುವ ಹಾಗಿಲ್ಲ. 1997ರಲ್ಲಿ ಜೈನ್ ಅವರ ತಂಡವೇ ಕ್ಯಾನ್ಸರ್ ಕೋಶಗಳ ಉಂಡೆಗಳನ್ನು ಜೆಲ್‌ನೊಳಗೆ ಇಟ್ಟಿತು. ಸುತ್ತಲಿನ ಜೆಲ್ ಗಟ್ಟಿಯಾಗಿ ಒತ್ತಿದಷ್ಟೂ ಉಂಡೆ ಬೆಳೆಯುವುದು ಕಡಿಮೆಯಾಯಿತು. ಒತ್ತಡ ತೆಗೆದರೆ ಮತ್ತೆ ಬೆಳೆಯಿತು. ಇನ್ನೊಂದು ಕಡೆ, ಪ್ಯಾರಿಸ್ಸಿನ ಇಮ್ಯಾನುಯೆಲ್ ಫಾರ್ಜ್ ಅವರ ತಂಡ 2015ರಲ್ಲಿ ಇಲಿಯ ದೊಡ್ಡ ಕರುಳಿನ ಮೇಲೆ ಆಯಸ್ಕಾಂತದ ನೆರವಿನಿಂದ ಗಡ್ಡೆಯಷ್ಟೇ ಒತ್ತಡ ಹಾಕಿತು. ಆಗ ಪಕ್ಕದ ಆರೋಗ್ಯವಂತ ಕೋಶಗಳಲ್ಲೂ ಕ್ಯಾನ್ಸರ್ ದಾರಿಯ ಜೀನುಗಳು ಎಚ್ಚೆತ್ತವು. ತಳ್ಳುವುದು ಬೇರೆ, ಎಳೆಯುವುದು ಬೇರೆ. ಎಷ್ಟು, ಎಷ್ಟು ಹೊತ್ತು, ಯಾವ ಕೋಶದ ಮೇಲೆ ಅನ್ನುವುದರ ಮೇಲೆ ಫಲ ನಿಂತಿದೆ.

ಮತ್ತೂ ಒಂದು ತಿರುವು ಇದೆ. ಆರೋಗ್ಯವಂತ ಕೋಶಕ್ಕೆ ಹಿಡಿದುಕೊಳ್ಳಲು ಗಟ್ಟಿ ನೆಲ ಸಿಗದಿದ್ದರೆ ಅದು ಬೆಳೆಯುವುದಿಲ್ಲ, ಎಷ್ಟೋ ಸಲ ಸತ್ತೇಹೋಗುತ್ತದೆ. ಅಗರ್‌ನಂಥ ಮೆತ್ತನೆಯದರಲ್ಲೂ ಬೆಳೆಯುವುದು ಕ್ಯಾನ್ಸರ್ ಕೋಶದ ಹಳೆಯ ಗುರುತು. ಅಂದರೆ ಎಷ್ಟೋ ಕ್ಯಾನ್ಸರ್ ಕೋಶಗಳಿಗೆ ನೆಲ ಪರೀಕ್ಷಿಸಿ ನೋಡುವ ಶಕ್ತಿಯೇ ಹೋಗಿರುತ್ತದೆ. ಸ್ಪರ್ಶ ಜಾಸ್ತಿಯಾದರೂ ಕೇಡು, ಸ್ಪರ್ಶ ಸತ್ತರೂ ಕೇಡು.

ಗಡ್ಡೆ ಗಟ್ಟಿ ಅಂದಿರಿ. ಕ್ಯಾನ್ಸರ್ ಕೋಶ ಮೆತ್ತಗಿರುತ್ತದೆ ಅಂತ ಬೇರೆ ಕಡೆ ಓದಿದೆ. ಯಾವುದು ನಿಜ?

ಎರಡೂ ನಿಜ. ಗಟ್ಟಿ ಇರುವುದು ಮುಖ್ಯವಾಗಿ ಕೋಶಗಳ ನಡುವಿನ ನಾರು. ಕೋಶವನ್ನು ಒಂದೊಂದಾಗಿ ತೆಗೆದು ಒತ್ತಿ ನೋಡಿದರೆ ಅದು ಹೆಚ್ಚಿನ ಸಲ ಸಾಮಾನ್ಯ ಕೋಶಕ್ಕಿಂತ ಮೆತ್ತಗಿರುತ್ತದೆ. 2007ರಲ್ಲಿ ಲಾಸ್ ಏಂಜಲೀಸ್‌ನ ಸಂಶೋಧಕರು ರೋಗಿಗಳ ದೇಹದಿಂದ ತೆಗೆದ ದ್ರವದಲ್ಲಿದ್ದ ಕೋಶಗಳನ್ನು ಅತಿ ಸೂಕ್ಷ್ಮ ಸೂಜಿಯಿಂದ ಒತ್ತಿ ಅಳೆದರು. ಹರಡಿದ ಕ್ಯಾನ್ಸರಿನ ಕೋಶಗಳು ಅದೇ ದ್ರವದ ಸಾಮಾನ್ಯ ಕೋಶಗಳಿಗಿಂತ ಶೇಕಡಾ 70ಕ್ಕೂ ಹೆಚ್ಚು ಮೆತ್ತಗಿದ್ದವು. ನುಸುಳಿ ಓಡುವವನಿಗೆ ಬಳುಕುವ ಮೈ ಬೇಕಲ್ವಾ?

ಹರಡುವಾಗ ಈ ಬಲಗಳ ಪಾತ್ರ ಏನು?

ಗಡ್ಡೆಯ ಅಂಚಿನಲ್ಲಿ ಕೊಲಾಜೆನ್ ಎಳೆಗಳು ಸಾಲಾಗಿ ಹೊರಮುಖವಾಗಿ ನಿಂತರೆ ಕೋಶಗಳು ಅವನ್ನೇ ಕಾಲುದಾರಿ ಮಾಡಿಕೊಂಡು ಹೊರಡುತ್ತವೆ. ದಾರಿಯಲ್ಲಿ ಸಂದಿಗಳು ತೀರಾ ಕಿರಿದು. ಕೋಶದ ಮೈ ಬಳುಕುತ್ತದೆ, ಆದರೆ ಕೋಶಕೇಂದ್ರ ಸುಲಭಕ್ಕೆ ಬಳುಕುವುದಿಲ್ಲ. ಬೆಕ್ಕು ಬೇಲಿಯ ಸಂದಿಯಲ್ಲಿ ತಲೆ ತೂರಿದರೆ ಮೈ ತೂರಿದಂತೆ, ಕೋಶಕ್ಕೆ ಕೇಂದ್ರ ತೂರಿದರೆ ಗೆದ್ದಂತೆ. 2016ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ತೋರಿಸಿದ್ದು, ಹೀಗೆ ಹಿಂಡಿಕೊಂಡು ಹೋಗುವಾಗ ಕೇಂದ್ರದ ಹೊದಿಕೆ ಹರಿಯುತ್ತದೆ, ಡಿಎನ್‌ಎ ತುಂಡಾಗುತ್ತದೆ. ಕೋಶ ಹರಿದದ್ದನ್ನು ಬೇಗ ಹೊಲಿದುಕೊಂಡು ಬದುಕುತ್ತದೆ, ಆದರೆ ಆ ಗಡಿಬಿಡಿಯಲ್ಲಿ ಡಿಎನ್‌ಎಯಲ್ಲಿ ಹೊಸ ತಪ್ಪುಗಳು ಸೇರಬಹುದು. ಪಯಣವೇ ಅದನ್ನು ಇನ್ನೂ ಕೆಟ್ಟದ್ದಾಗಿಸುವ ಸಾಧ್ಯತೆ ಇದೆ.

ರಕ್ತಕ್ಕೆ ಇಳಿದವುಗಳಲ್ಲಿ ಬಹುಪಾಲು ಹರಿವಿನ ಹೊಡೆತಕ್ಕೆ, ರೋಗನಿರೋಧಕ ಕೋಶಗಳ ದಾಳಿಗೆ ಸಾಯುತ್ತವೆ. ತೀರಾ ಕೆಲವು ಮಾತ್ರ ಉಳಿದು ಬೇರೆ ಅಂಗದಲ್ಲಿ ಬೇರು ಬಿಡುತ್ತವೆ.

ಪೆಟ್ಟು ಬಿದ್ದರೆ, ಬಿಗಿ ಬ್ರಾ ಹಾಕಿದರೆ, ಮಸಾಜ್ ಮಾಡಿಸಿದರೆ ಕ್ಯಾನ್ಸರ್ ಬರುತ್ತದಾ?

ಬಿದ್ದ ಪೆಟ್ಟಿನಿಂದ ಕ್ಯಾನ್ಸರ್ ಬರುವುದಿಲ್ಲ. ಪೆಟ್ಟು ಬಿದ್ದಾಗ ಆ ಜಾಗ ಮುಟ್ಟಿ ನೋಡುತ್ತೇವೆ, ಮೊದಲೇ ಇದ್ದ ಗಂಟು ಆಗ ಸಿಗುತ್ತದೆ. ಬ್ರಾ ಬಗ್ಗೆ ಸಿಯಾಟಲ್‌ನ ಸಂಶೋಧಕರು 2014ರಲ್ಲಿ ಅಧ್ಯಯನ ಪ್ರಕಟಿಸಿದರು, ಸ್ತನ ಕ್ಯಾನ್ಸರಿಗೂ ಅದಕ್ಕೂ ಸಂಬಂಧ ಕಾಣಲಿಲ್ಲ. ಇಲ್ಲಿ ಹೇಳುತ್ತಿರುವ ಬಲಗಳು ವರ್ಷಗಟ್ಟಲೆ ಒಳಗೇ ಕೂತು ಕೋಶದ ಮಟ್ಟದಲ್ಲಿ ನಡೆಯುವಂಥವು. ಬಟ್ಟೆಯ ಬಿಗಿ ಅಲ್ಲ.

ಮಸಾಜಿನಿಂದ ಕ್ಯಾನ್ಸರ್ ಹುಟ್ಟುವುದಿಲ್ಲ. ಆದರೆ ಗಂಟು ಕಂಡರೆ ಎಣ್ಣೆ ಹಚ್ಚಿ ತಿಕ್ಕಿ ಕರಗಿಸಲು ಹೋಗಬೇಡಿ. ಕರಗುವುದಿಲ್ಲ, ತಿಂಗಳುಗಳು ಹೋಗುತ್ತವೆ. ಆ ತಿಂಗಳುಗಳು ಬಹಳ ದುಬಾರಿ.

ಮ್ಯಾಮೋಗ್ರಾಂ ವರದಿಯಲ್ಲಿ 'ದಟ್ಟ ಸ್ತನ' ಅಂತ ಬರೆದಿದ್ದಾರೆ. ಹೆದರಬೇಕಾ?

ಹೆದರಬೇಡಿ, ಆದರೆ ಡಾಕ್ಟರ ಹತ್ತಿರ ಮಾತಾಡಿ. ದಟ್ಟ ಅಂದರೆ ಕೊಬ್ಬು ಕಡಿಮೆ, ನಾರು ಮತ್ತು ಗ್ರಂಥಿ ಜಾಸ್ತಿ. ದಟ್ಟಣೆ ತೀರಾ ಕಡಿಮೆ ಇರುವವರಿಗೆ ಹೋಲಿಸಿದರೆ ತುಂಬಾ ದಟ್ಟ ಇರುವವರಿಗೆ ಸ್ತನ ಕ್ಯಾನ್ಸರಿನ ಅಪಾಯ ನಾಲ್ಕೈದು ಪಟ್ಟು ಹೆಚ್ಚು ಎಂದು ದೊಡ್ಡ ಅಧ್ಯಯನಗಳು ಹೇಳಿವೆ. ಇದು ಎರಡು ತುದಿಗಳ ನಡುವಿನ ಲೆಕ್ಕ, ಹೆಚ್ಚಿನವರು ನಡುವೆ ಇರುತ್ತಾರೆ. ದಟ್ಟವಾದ ಸ್ತನದಲ್ಲಿ ಗಡ್ಡೆ ಮ್ಯಾಮೋಗ್ರಾಂಗೆ ಸರಿಯಾಗಿ ಕಾಣುವುದಿಲ್ಲ, ಹಾಗಾಗಿ ಅಲ್ಟ್ರಾಸೌಂಡ್ ಕೂಡ ಬೇಕಾಗಬಹುದು. ಕೈಗೆ ಗಟ್ಟಿ ಅನ್ನಿಸುವುದಕ್ಕೂ ಈ ದಟ್ಟಕ್ಕೂ ನೇರ ಹೊಂದಾಣಿಕೆ ಇಲ್ಲ. ದಟ್ಟವೋ ಅಲ್ಲವೋ ಅಂತ ಎಕ್ಸ್‌ರೇ ಚಿತ್ರವೇ ಹೇಳಬೇಕು.

ಗಡಸುತನವನ್ನು ಆಸ್ಪತ್ರೆಯಲ್ಲಿ ಅಳೆಯುತ್ತಾರಾ?

ಅಳೆಯುತ್ತಾರೆ. ಲಿವರಿಗೆ ಮಾಡುವ ಫೈಬ್ರೋಸ್ಕ್ಯಾನ್ ಇದೇ. ಪಕ್ಕೆಯ ಮೇಲೆ ಮೆಲ್ಲಗೆ ಒಮ್ಮೆ ತಟ್ಟುತ್ತದೆ, ಆ ಅಲೆ ಒಳಗೆ ಎಷ್ಟು ವೇಗವಾಗಿ ಹೋಯಿತು ಅಂತ ನೋಡಿ ಗಡಸನ್ನು ಕಿಲೋಪಾಸ್ಕಲ್‌ನಲ್ಲಿ ಹೇಳುತ್ತದೆ. ಹಲಸಿನಕಾಯಿ ತಟ್ಟಿ ಬಲಿತಿದೆಯೋ ಇಲ್ಲವೋ ಹೇಳುವ ಜಾಣತನವೇ ಇದು, ಯಂತ್ರಕ್ಕೆ ಬಂದಿದೆ. ಲಿವರ್ ಕ್ಯಾನ್ಸರ್ ಹೆಚ್ಚಿನ ಸಲ ಹುಟ್ಟುವುದು ಸಿರೋಸಿಸ್ ಆಗಿ ಗಟ್ಟಿಯಾದ ಲಿವರಿನಲ್ಲೇ.

ಹಾಗಿದ್ದರೆ ಆ ನಾರನ್ನು ಕರಗಿಸುವ ಔಷಧ ಕೊಟ್ಟರೆ ಆಯಿತಲ್ಲ?

ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ಮಾಡಿ ನೋಡಿದ್ದಾರೆ, ನಿರಾಸೆಯೂ ಆಗಿದೆ. ಲಾಕ್ಸ್ ಕುಟುಂಬದ ಒಂದು ಕಿಣ್ವವನ್ನು ತಡೆಯುವ ಸಿಮ್ಟುಜುಮಾಬ್ ಎಂಬ ಔಷಧ ಮೇದೋಜೀರಕ ಕ್ಯಾನ್ಸರಿನಲ್ಲಿ ಕೆಲಸ ಮಾಡಲಿಲ್ಲ. ಗಡ್ಡೆಯ ಸುತ್ತಲಿನ ಹಯಲುರೋನಿಕ್ ಆಮ್ಲ ಎಂಬ ಲೋಳೆಯಂಥ ವಸ್ತುವನ್ನು ಕರಗಿಸುವ ಔಷಧವೂ ದೊಡ್ಡ ಪರೀಕ್ಷೆಯಲ್ಲಿ ಸೋತಿತು. 2014ರಲ್ಲಿ ರಘು ಕಲ್ಲೂರಿ ಅವರ ತಂಡ ಇಲಿಗಳಲ್ಲಿ ಗಡ್ಡೆಯ ಸುತ್ತಲಿನ ನಾರು ನೇಯುವ ಕೋಶಗಳನ್ನೇ ತೆಗೆದುಹಾಕಿತು. ಕ್ಯಾನ್ಸರ್ ಕುಗ್ಗುವ ಬದಲು ಇನ್ನೂ ಕ್ರೂರವಾಯಿತು. ನಾರಿನ ಬೇಲಿ ಔಷಧ ಒಳಗೆ ಬರದಂತೆ ತಡೆಯುತ್ತಿತ್ತು, ನಿಜ. ಕ್ಯಾನ್ಸರ್ ಹೊರಗೆ ಹೋಗದಂತೆಯೂ ತಡೆಯುತ್ತಿತ್ತು. ಬೇಲಿಯನ್ನು ಒಮ್ಮೆಲೇ ಕಿತ್ತರೆ ಏನಾಗುತ್ತದೆ ಅಂತ ತೋಟದವರಿಗೆ ಹೇಳಬೇಕಾಗಿಲ್ಲ.

ಹಾಗಾಗಿ ಈಗ ಕೀಳುವ ಬದಲು ಸಡಿಲಿಸುವ ಕಡೆ ಗಮನ. ಬಿಪಿಗೆ ಕೊಡುವ ಲೊಸಾರ್ಟನ್ ಮಾತ್ರೆ ಕೊಲಾಜೆನ್ ಆಗುವುದನ್ನು ತಗ್ಗಿಸಿ ಅದುಮಿದ ರಕ್ತನಾಳಗಳನ್ನು ತೆರೆಯುತ್ತದೆ ಎಂದು ಜೈನ್ ತಂಡ ಇಲಿಗಳಲ್ಲಿ ತೋರಿಸಿತ್ತು. ಬಾಸ್ಟನ್ನಿನಲ್ಲಿ ಮೇದೋಜೀರಕ ಕ್ಯಾನ್ಸರಿನ 49 ರೋಗಿಗಳಿಗೆ ಕಿಮೊ, ರೇಡಿಯೇಷನ್ ಜೊತೆಗೆ ಇದನ್ನೂ ಕೊಟ್ಟರು. 34 ಮಂದಿಗೆ ಅಂಚಿನಲ್ಲೂ ಕ್ಯಾನ್ಸರ್ ಉಳಿಯದಂತೆ ಶಸ್ತ್ರಚಿಕಿತ್ಸೆ ಮಾಡಲು ಆಯಿತು. 2019ರ ಈ ಫಲಿತಾಂಶ ಆಸೆ ಹುಟ್ಟಿಸಿತು. ಆದರೆ ಹೋಲಿಸಲು ಲೊಸಾರ್ಟನ್ ಇಲ್ಲದ ಗುಂಪು ಅದರಲ್ಲಿ ಇರಲಿಲ್ಲ. ಯಾರೂ ತಾವಾಗಿ ಈ ಮಾತ್ರೆ ನುಂಗಬೇಡಿ, ಬಿಪಿ ಕುಸಿಯುತ್ತದೆ.

ಫ್ಯಾಕ್ ಎಂಬ ಕಿಣ್ವ ಇಂಟೆಗ್ರಿನ್ ಕೊಕ್ಕೆಯ ಬುಡದಲ್ಲೇ ಕೂತು ಎಳೆತದ ಸುದ್ದಿಯನ್ನು ಒಳಗೆ ಸಾಗಿಸುತ್ತದೆ. ಅದನ್ನು ತಡೆಯುವ ಡಿಫಾಕ್ಟಿನಿಬ್ ಔಷಧಕ್ಕೆ, ಇನ್ನೊಂದು ಔಷಧದ ಜೊತೆ ಸೇರಿಸಿ, ಅಂಡಾಶಯದ ಒಂದು ಅಪರೂಪದ ಕ್ಯಾನ್ಸರಿಗೆ ಅಮೆರಿಕ 2025ರ ಮೇ ತಿಂಗಳಲ್ಲಿ ಒಪ್ಪಿಗೆ ಕೊಟ್ಟಿತು. ಯಾಪ್‌ನ ಜೊತೆಗಾರ ಟೀಡ್ ಅನ್ನು ತಡೆಯುವ ಔಷಧಗಳೂ ರೋಗಿಗಳಲ್ಲಿ ಪರೀಕ್ಷೆಯ ಹಂತದಲ್ಲಿವೆ.

ನಮ್ಮ ಕಡೆ ಯಾರಾದರೂ ಈ ಕೆಲಸ ಮಾಡುತ್ತಿದ್ದಾರಾ?

ಮಾಡುತ್ತಿದ್ದಾರೆ. ಕೋಶಕೇಂದ್ರ ಎಳೆತವನ್ನು ಹೇಗೆ ಗ್ರಹಿಸುತ್ತದೆ ಅನ್ನುವುದರ ಮೇಲೆ ಜಿ.ವಿ. ಶಿವಶಂಕರ್ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನಲ್ಲಿ ಕೆಲಸ ಮಾಡಿ, ಆಮೇಲೆ ಸಿಂಗಪುರಕ್ಕೆ, ಅಲ್ಲಿಂದ ಸ್ವಿಟ್ಜರ್ಲೆಂಡಿಗೆ ಹೋದರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಮರಾಯ್ ಭಟ್ ಅವರ ಪ್ರಯೋಗಾಲಯ ಕ್ಯಾನ್ಸರ್ ಕೋಶಗಳಿಗೂ ಸುತ್ತಲಿನ ನಾರಿಗೂ ನಡೆಯುವ ಮಾತುಕತೆಯನ್ನು ಹುಡುಕುತ್ತಿದೆ. ಎಂಜಿನಿಯರಿಂಗ್ ಓದುವ ಮಕ್ಕಳು ಕ್ಯಾನ್ಸರ್ ಸಂಶೋಧನೆ ತಮ್ಮದಲ್ಲ ಅಂದುಕೊಳ್ಳುತ್ತಾರೆ. ಗಡಸು, ಎಳೆತ, ಹರಿವು ಅಳೆಯುವುದು ಎಂಜಿನಿಯರುಗಳ ಕೆಲಸವೇ ಅಲ್ವಾ? ಈ ಕ್ಷೇತ್ರಕ್ಕೆ ಅವರು ಬೇಕೇ ಬೇಕು.

ಬಾಯಿ ಬಿಗಿಯುತ್ತಿದೆಯಾ ಅಂತ ಮನೆಯಲ್ಲೇ ತಿಳಿಯುವುದು ಹೇಗೆ?

ನಿಮ್ಮದೇ ಕೈಯ ಮೂರು ಬೆರಳು, ತೋರುಬೆರಳು, ನಡುಬೆರಳು, ಉಂಗುರ ಬೆರಳು, ಒಂದರ ಮೇಲೊಂದು ಬರುವಂತೆ ನೆಟ್ಟಗೆ ಹಿಡಿದು ಮೇಲಿನ ಕೆಳಗಿನ ಮುಂದಿನ ಹಲ್ಲುಗಳ ನಡುವೆ ಇಟ್ಟು ನೋಡಿ. ಹೆಚ್ಚಿನವರಿಗೆ ಮೂರೂ ಹೋಗುತ್ತವೆ. ಎರಡೇ ಹೋದರೆ, ಅಥವಾ ಖಾರಕ್ಕೆ ಬಾಯಿ ಉರಿದರೆ, ಕೆನ್ನೆಯೊಳಗೆ ಬಿಳಿಚಿದ ಪಟ್ಟಿಗಳು ಕಂಡರೆ, ಎರಡು ಮೂರು ವಾರವಾದರೂ ಹುಣ್ಣು ಮಾಯದಿದ್ದರೆ ಹಲ್ಲಿನ ಡಾಕ್ಟರಿಗೆ ತೋರಿಸಿ. ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು ಸಲ ಅಡಿಕೆ ಹಾಕುತ್ತೀರಿ ಅಂತ ಮುಚ್ಚಿಡದೆ ಹೇಳಿ. ಅಡಿಕೆಯನ್ನು ಅವತ್ತೇ ಬಿಡಿ.

ನಮ್ಮ ನೆಂಟರು ಬಿಟ್ಟು ನಾಲ್ಕು ವರ್ಷವಾಯಿತು. ದಿನಾ ಬೆಳಿಗ್ಗೆ ಬಾಯಿ ತೆರೆಯುವ ವ್ಯಾಯಾಮ ಮಾಡುತ್ತಾರೆ, ಆರು ತಿಂಗಳಿಗೊಮ್ಮೆ ತೋರಿಸಿಕೊಂಡು ಬರುತ್ತಾರೆ. ಈಗಲೂ ಎರಡೂವರೆ ಬೆರಳು.